ಕಾನ್‌ಸ್ಟಂಟೈನನ ದಾನಶಾಸನ: ಪೋಪರ ಪ್ರಭುತ್ವ ಮತ್ತು ಒಂದು ಕೂಟಶಾಸನದ ಚರಿತ್ರೆ

1

ಶಾಸನಗಳ ಪರಿಶೋಧನೆಯಲ್ಲಿ ತೊಡಗಿದವರಿಗೆ ಕೂಟಶಾಸನವೆಂಬ ಮಾತು ಹೊಸದಲ್ಲ. ಕೊಡದ ದೊರೆಯ ಹೆಸರಿನಲ್ಲಿ ಇಲ್ಲದ ದಾನವನ್ನು ಹೇಳುವ ಪತ್ರವೇ ಕೂಟಶಾಸನ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಇಂಥ ಪತ್ರಗಳನ್ನು ಸೃಷ್ಟಿಸುವವರಿಗೆ ವಧದಂಡವನ್ನೇ ವಿಧಿಸಿದೆ. ದಂಡವು ಅಷ್ಟು ಕಠಿನವಾಗಿರಬೇಕಾದರೆ ಅಪರಾಧವು ಅಪರೂಪವಾಗಿರಲಿಲ್ಲವೆಂದೇ ಊಹಿಸಬೇಕಾಗುತ್ತದೆ. ನಮ್ಮ ಶಿವಮೊಗ್ಗ ಸೀಮೆಯಲ್ಲಿ ದೊರೆತ ಕೆಲವು ತಾಮ್ರಪಟಗಳು, ಪಾಂಡವರ ವಂಶದ ಜನಮೇಜಯನೇ ಸರ್ಪಯಾಗದ ಕಾಲದಲ್ಲಿ ಬ್ರಾಹ್ಮಣರಿಗೆ ಭೂಮಿಯನ್ನು ಧಾರೆಯೆರೆದನೆಂದು ಸಾರುತ್ತವೆ. ಪಶ್ಚಿಮ ಗಂಗರ ಹೆಸರಿನ ಹಲವು ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಮಹಾಶಯರ ನಡುವೆ ನಡೆದ ವಾದವು ವಾಚಕರಿಗೆ ತಿಳಿದೇ ಇದೆ.

ಪ್ರಪಂಚದ ಚರಿತ್ರೆಯಲ್ಲಿ ಇಂಥ ಪತ್ರಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ಯೂರೋಪಿನಲ್ಲಿ ಹುಟ್ಟಿತು. ಅದಕ್ಕೆ ‘ಕಾನ್‌ಸ್ಟಂಟೈನನ ದಾನ’ವೆಂದು ಹೆಸರು. ರೋಮಿನ ಚಕ್ರವರ್ತಿಯು ತನ್ನ ಪಶ್ಚಿಮ ಸಾಮ್ರಾಜ್ಯವನ್ನೆಲ್ಲ ರೋಮಿನ ಬಿಷಪ್ಪರಿಗೆ, ಎಂದರೆ ಪೋಪರಿಗೆ, ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. ಆರುನೂರು ವರ್ಷಗಳಿಗೂ ಮೇಲ್ಪಟ್ಟು ರಾಜರೂ ಧರ್ಮಗುರುಗಳೂ ಇದನ್ನು ನಂಬಿದರು. ನಂಬದವರೂ ಇದಕ್ಕೆ ಉತ್ತರ ಹೇಳಲೇಬೇಕಾಯಿತು.

ಪೋಪರ ಪೀಠವು ಯೂರೋಪಿನ ಮತ, ರಾಜ್ಯ, ಕಲೆ, ವಿದ್ಯೆಗಳ ಮೇಲೆ ಬೀರಿದ ಪ್ರಭಾವವು ಅತಿ ವಿಶಾಲವಾದ ವಿಷಯ. ಅದನ್ನೆಲ್ಲ ಒಂದು ಲೇಖನದಲ್ಲಿ ಅಡಗಿಸುವುದು ಅಸಾಧ್ಯ. ಆದುದರಿಂದ ಈ ಒಂದು ಪತ್ರದ ಜನನ, ಅಭ್ಯುದಯ, ಪತನಗಳನ್ನು ಅನುಸರಿಸಿ ಆ ಪ್ರಭಾವದ ಬಗೆಯನ್ನು ತಿಳಿಯಲು ಪ್ರಕೃತ ಪ್ರಯತ್ನಿಸಿದೆ. ದೊಡ್ಡ ಸೈನ್ಯವಿಲ್ಲದ ಈ ಪೀಠವು ಬರಹದ ಬಲದಿಂದ ಆಳಿತು. ಬರಹದ ಸತ್ಯಾಸತ್ಯಗಳನ್ನು ಒರೆಹಚ್ಚುವ ವಿದ್ಯೆಯೂ ಬಹುಮಟ್ಟಿಗೆ ಅದೇ ಪೀಠದ ನೆರಳಿನಲ್ಲಿ ಬೆಳೆಯಿತು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೋಡದ ಹೊರತು ಪೋಪರ ಚರಿತ್ರೆಯು ಬರಿಯ ಸ್ತುತಿಯೋ ಬರಿಯ ನಿಂದೆಯೋ ಆಗಿಬಿಡುತ್ತದೆ.

2

ಮೊದಲು ಪತ್ರದ ಸ್ವರೂಪವನ್ನು ನೋಡೋಣ. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ಚಕ್ರವರ್ತಿಯು ತನ್ನ ಶ್ರದ್ಧೆಯನ್ನು ನಿವೇದಿಸುತ್ತಾನೆ. ಅವನಿಗೆ ಕುಷ್ಠರೋಗವು ತಗಲಿತ್ತಂತೆ. ಪೋಪ್ ಒಂದನೆಯ ಸಿಲ್ವೆಸ್ಟರನು ದೀಕ್ಷಾಸ್ನಾನವನ್ನು ಮಾಡಿಸಲು ಆ ರೋಗವು ತೊಲಗಿತಂತೆ. ಎರಡನೆಯ ಭಾಗವು ದಾನ. ಅಂತಿಯೋಕ್, ಅಲೆಕ್ಸಾಂಡ್ರಿಯ, ಕಾನ್‌ಸ್ಟಾಂಟಿನೋಪಲ್, ಜೆರೂಸಲೇಮ್ ಈ ನಾಲ್ಕು ಮಹಾಪೀಠಗಳ ಮೇಲೆಯೂ ಲೋಕದ ಎಲ್ಲ ಚರ್ಚುಗಳ ಮೇಲೆಯೂ ರೋಮಿನ ಪೀಠಕ್ಕೆ ಆಧಿಪತ್ಯ. ರೋಮಿನ ಲ್ಯಾಟರನ್ ಅರಮನೆ. ಚಕ್ರವರ್ತಿಯ ಕಿರೀಟ, ಧೂಮ್ರವರ್ಣದ ನಿಲುವಂಗಿ ಮೊದಲಾದ ರಾಜಚಿಹ್ನೆಗಳು. ಕೊನೆಗೆ ರೋಮ್ ನಗರವೂ ಇಟಲಿಯ ಮತ್ತು ಪಶ್ಚಿಮ ದೇಶಗಳ ಎಲ್ಲ ಪ್ರಾಂತಗಳೂ. ಸಿಲ್ವೆಸ್ಟರನು ತನ್ನ ಮುಂಡನ ಮಾಡಿದ ತಲೆಯ ಮೇಲೆ ಚಿನ್ನದ ಕಿರೀಟವನ್ನು ಧರಿಸಲು ಒಪ್ಪದಿರಲು, ಚಕ್ರವರ್ತಿಯು ಬಿಳಿಯ ಕುಲಾವಿಯನ್ನು ತನ್ನ ಕೈಯಿಂದಲೇ ಅವನ ತಲೆಗೆ ತೊಡಿಸಿ, ಅವನ ಕುದುರೆಯ ಲಗಾಮನ್ನು ಹಿಡಿದು ಆಳಿನಂತೆ ನಡೆದನೆಂದೂ ಪತ್ರವು ಹೇಳುತ್ತದೆ. ಭೂಮಿಯ ಮೇಲಣ ಚಕ್ರವರ್ತಿಗೆ ಸ್ವರ್ಗದ ಚಕ್ರವರ್ತಿಯು ಧರ್ಮಪೀಠವನ್ನು ಸ್ಥಾಪಿಸಿದ ಸ್ಥಳದಲ್ಲಿ ಅಧಿಕಾರವಿರುವುದು ಸರಿಯಲ್ಲವಾದ್ದರಿಂದ ತಾನು ಪೂರ್ವದ ಹೊಸ ರಾಜಧಾನಿಗೆ ತೆರಳುವೆನೆಂಬುದು ಅವನು ಕೊಡುವ ಕಾರಣ.

ನಡೆದ ಸಂಗತಿಗಳು ಬೇರೆ. ಕಾನ್‌ಸ್ಟಂಟೈನನು ದೀಕ್ಷಾಸ್ನಾನವನ್ನು ಪಡೆದದ್ದು 337ರಲ್ಲಿ, ತನ್ನ ಮರಣಕ್ಕೆ ಸ್ವಲ್ಪ ಮುಂಚೆ, ನಿಕೊಮೀಡಿಯದ ಬಳಿಯಲ್ಲಿ, ಆ ಊರಿನ ಬಿಷಪ್ಪನಿಂದ. ಆ ವೇಳೆಗೆ ಸಿಲ್ವೆಸ್ಟರನು ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಪತ್ರದ ಕಾಲನಿರ್ದೇಶವೂ ತಾಳೆಯಾಗುವುದಿಲ್ಲ. ಕಾನ್‌ಸ್ಟಂಟೈನನು ನಾಲ್ಕನೆಯ ಬಾರಿಗೂ ಅವನೊಡನೆ ಗ್ಯಾಲಿಕಾನಸನೂ ಕಾನ್ಸಲರಾಗಿದ್ದ ವರ್ಷವೆಂದು ಅದರಲ್ಲಿದೆ. ಕಾನ್‌ಸ್ಟಂಟೈನನ ನಾಲ್ಕನೆಯ ಕಾನ್ಸಲ್ ಪದವಿಯು 315ರಲ್ಲಿ. ಆಗ ಅವನ ಜೊತೆಗಾರನು ಲಿಸಿನಿಯಸನೇ ಹೊರತು ಗ್ಯಾಲಿಕಾನಸನಲ್ಲ. ನಮ್ಮ ಶಾಸನಗಳಲ್ಲಿ ಸಂವತ್ಸರಕ್ಕೂ ಶಕವರ್ಷಕ್ಕೂ, ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲದಿದ್ದಾಗ ಹುಟ್ಟುವ ಸಂಶಯವೇ ಇಲ್ಲಿಯೂ ಹುಟ್ಟುತ್ತದೆ. ಮೇಲಾಗಿ 330ರಲ್ಲಿ ಪ್ರತಿಷ್ಠಿತವಾದ ಕಾನ್‌ಸ್ಟಾಂಟಿನೋಪಲ್ ನಗರವು, ಅದನ್ನು ಕಟ್ಟುವ ಮುಂಚೆಯೇ ಬರೆದುದೆಂದು ತೋರಿಸಿಕೊಳ್ಳುವ ಈ ಪತ್ರದಲ್ಲಿ ಮಹಾಪೀಠವಾಗಿ ಕಾಣಿಸಿಕೊಂಡಿದೆ.

3

ಹಾಗಾದರೆ ಈ ಪತ್ರವು ಹುಟ್ಟಿದ್ದು ಯಾವಾಗ? 8ನೆಯ ಶತಮಾನದ ಉತ್ತರಾರ್ಧದಲ್ಲಿ, ರೋಮಿನಲ್ಲಿ, ಲ್ಯಾಟರನ್ ಅರಮನೆಯ ಬರಹಗಾರರ ವಲಯದಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 9ನೆಯ ಶತಮಾನದಲ್ಲಿ ಫ್ರಾಂಕರ ದೇಶದ ಮಠವೊಂದರಲ್ಲಿ ಎಂಬ ಪಕ್ಷವೂ ಉಂಟು. ಉಳಿದು ಬಂದಿರುವ ಅತಿ ಹಳೆಯ ಪ್ರತಿಯು 9ನೆಯ ಶತಮಾನದ್ದು, ಅದು ಪ್ಯಾರಿಸಿನಲ್ಲಿದೆ.

ಮೊದಲನೆಯ ಪಕ್ಷವನ್ನು ಆ ಕಾಲದ ರಾಜಕೀಯವು ಪುಷ್ಟಿಗೊಳಿಸುತ್ತದೆ. 476ರಲ್ಲಿ ಪಶ್ಚಿಮದ ಚಕ್ರವರ್ತಿ ಪದವಿಯು ಇಲ್ಲದಂತಾದ ಮೇಲೆ ರೋಮಿನ ಜನಕ್ಕೆ ಉಳಿದ ಆಸರೆ ಬಿಷಪ್ಪನೊಬ್ಬನೇ. 590ರಿಂದ 604ರವರೆಗೆ ಪೀಠದಲ್ಲಿದ್ದ ಮಹಾ ಗ್ರೆಗೊರಿಯು ಹಸಿದವರಿಗೆ ಧಾನ್ಯವನ್ನು ಹಂಚಿಸಿದನು, ಚರ್ಚಿನ ಜಮೀನುಗಳ ಲೆಕ್ಕವನ್ನು ನೋಡಿಸಿದನು, ದಂಡೆತ್ತಿ ಬಂದ ಲೊಂಬಾರ್ಡರೊಡನೆ ಸಂಧಾನವನ್ನೂ ಮಾಡಿದನು. 751ರಲ್ಲಿ ಲೊಂಬಾರ್ಡರು ರಾವೆನ್ನವನ್ನು ಹಿಡಿದುಕೊಳ್ಳಲು ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯಿಂದ ರಕ್ಷಣೆ ದೊರೆಯುವ ಆಸೆ ಹೋಯಿತು. ಆಗ ಪೋಪ್ ಎರಡನೆಯ ಸ್ಟೀಫನನು ಚಳಿಗಾಲದಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ, 754ರ ಜನವರಿಯಲ್ಲಿ ಫ್ರಾಂಕರ ರಾಜನಾದ ಪೆಪಿನನ ಮರೆಹೊಕ್ಕನು. ಪೆಪಿನನು ಪೋಪನ ಕುದುರೆಯ ಪಕ್ಕದಲ್ಲಿ ಆಳಿನಂತೆ ನಡೆದನೆಂದು ರೋಮಿನ ಪೋಪರ ಚರಿತ್ರೆಯು ಹೇಳುತ್ತದೆ. 756ರಲ್ಲಿ ಅವನು ಲೊಂಬಾರ್ಡರನ್ನು ಸೋಲಿಸಿ ಗೆದ್ದ ಊರುಗಳನ್ನು ಪೋಪನಿಗೆ ಒಪ್ಪಿಸಿದನು. 1870ರವರೆಗೆ ಬಾಳಿದ ಪೋಪರ ರಾಜ್ಯಕ್ಕೆ ಇದೇ ಬೀಜ.

ಆದರೆ ಈ ಊರುಗಳು ನ್ಯಾಯವಾಗಿ ಪೂರ್ವದ ಚಕ್ರವರ್ತಿಗೆ ಸೇರಿದ್ದವು. ಅವನ ಸ್ವತ್ತನ್ನು ಪರದೇಶದ ರಾಜನೊಬ್ಬನು ಮೂರನೆಯವನಿಗೆ ಕೊಡುವುದು ಹೇಗೆ? ಪೋಪನು ಅದನ್ನು ತೆಗೆದುಕೊಳ್ಳುವುದು ಹೇಗೆ? ಈ ತೊಡಕಿನ ಪ್ರಶ್ನೆಗೆ ‘ದಾನ’ವು ಸರಿಯಾದ ಉತ್ತರವಾಯಿತು: ಕೊಟ್ಟದ್ದು ಹೊಸದಲ್ಲ, ನಾಲ್ಕು ಶತಮಾನಗಳ ಹಿಂದೆಯೇ ಕೊಟ್ಟಿದ್ದುದು ಈಗ ಹಿಂದಿರುಗಿತು.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಪೋಪರಿಗೆ ಅಧಿಕಾರವು ಈ ಪತ್ರದಿಂದ ಬಂದುದಲ್ಲ. ಅನ್ನವಿಲ್ಲದವರಿಗೆ ಅನ್ನವನ್ನೂ ದಿಕ್ಕಿಲ್ಲದ ನಗರಕ್ಕೆ ದಿಕ್ಕನ್ನೂ ಒದಗಿಸಿದ್ದರಿಂದ ಅದು ಬಂದಿತು. ಅಧಿಕಾರವು ಮೊದಲು, ಶಾಸನವು ಅನಂತರ. ಆದರೆ ಬಂದ ಅಧಿಕಾರಕ್ಕೆ ಸೇವೆಯೇ ಸಾಕಾದ ಆಧಾರವೆಂದು ಯಾವ ಪ್ರಭುತ್ವವೂ ತೃಪ್ತಿಪಡುವುದಿಲ್ಲ. ಪ್ರಾಚೀನವಾದ ಹಕ್ಕುಪತ್ರವನ್ನು ಬಯಸುತ್ತದೆ.

4

ಪತ್ರವು ಹುಟ್ಟಿದ ಕೂಡಲೇ ಬಳಕೆಗೆ ಬಂದಂತೆ ಕಾಣುವುದಿಲ್ಲ. 850ರ ಸುಮಾರಿಗೆ ಸಿದ್ಧವಾದ, ಕೃತಕ ನಿರೂಪಗಳಿಂದ ತುಂಬಿದ ಧರ್ಮಶಾಸ್ತ್ರ ಸಂಗ್ರಹವೊಂದರಲ್ಲಿ ಸೇರಿ ಅದು ದೇಶದಿಂದ ದೇಶಕ್ಕೆ ಹರಡಿತು. ಪೋಪ್ ಒಂಬತ್ತನೆಯ ಲಿಯೋನು 1053ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕನಿಗೆ ಬರೆಸಿದ ಪತ್ರದಲ್ಲಿ ಇದರ ಮಾತುಗಳನ್ನು ಉದ್ದಕ್ಕೂ ಎತ್ತಿ ತೋರಿಸಿದನು. ಮರುವರ್ಷ ಪೂರ್ವ ಪಶ್ಚಿಮ ಚರ್ಚುಗಳ ನಡುವೆ ಬಿರುಕು ಬಿಟ್ಟಿತು. ಅದಕ್ಕೆ ಕಾರಣಗಳು ಅನೇಕ. ಆದರೆ ಸಂಧಿಗೆ ಸಾಧನವಾಗಬೇಕಾಗಿದ್ದ ಓಲೆಯಲ್ಲಿ ಇಂಥ ಪತ್ರವು ಪ್ರಮಾಣವಾಗಿ ನಿಂತದ್ದು ಶೋಚನೀಯ.

ಏಳನೆಯ ಗ್ರೆಗೊರಿಯ ಕಾಲದಲ್ಲಿ, 1075ರಲ್ಲಿ, ಬರೆಯಲ್ಪಟ್ಟ 27 ಸೂತ್ರಗಳಲ್ಲಿ, ಸಾಮ್ರಾಜ್ಯ ಚಿಹ್ನೆಗಳನ್ನು ಧರಿಸುವ ಅಧಿಕಾರವು ಪೋಪನೊಬ್ಬನಿಗೇ ಉಂಟೆಂಬುದು ಒಂದು. ಅದರ ಮೂಲವನ್ನು ದಾನಪತ್ರದಲ್ಲಿ ಕಾಣುವುದು ಕಷ್ಟವಲ್ಲ. 1077ರ ಜನವರಿಯಲ್ಲಿ ಕನೊಸ್ಸದ ಕೋಟೆಯ ಮುಂದೆ ಹಿಮದಲ್ಲಿ ನಿಂತು ಕ್ಷಮೆ ಬೇಡಿದ ರಾಜ ನಾಲ್ಕನೆಯ ಹೆನ್ರಿಯ ಕಥೆಯು ಪ್ರಸಿದ್ಧವಾಗಿದೆ. 1155ರಲ್ಲಿ ಸುತ್ರಿಯೆಂಬಲ್ಲಿ ಫ್ರೆಡರಿಕ್ ಬಾರ್ಬರೊಸ್ಸನು ಪೋಪ್ ನಾಲ್ಕನೆಯ ಏಡ್ರಿಯನನ ಕುದುರೆಯ ಲಗಾಮನ್ನು ಹಿಡಿಯಲು ಮೊದಲು ಒಪ್ಪಲಿಲ್ಲ. ಪೋಪನು ಅವನಿಗೆ ಶಾಂತಿಚುಂಬನವನ್ನು ಕೊಡಲಿಲ್ಲ. ಪೂರ್ವಾಚಾರವನ್ನು ವಿಚಾರಿಸಿದ ಮೇಲೆ ರಾಜನು ಮಣಿದನು. ಕಾನ್‌ಸ್ಟಂಟೈನನು ಎಂದೂ ಮಾಡದ ಸೇವೆಯೊಂದನ್ನು ಅವನ ತರುವಾಯದವರು ನಿಜವಾಗಿ ಮಾಡಬೇಕಾಯಿತು. ಸುಳ್ಳು ಬರಹವೊಂದು ನಿಜವಾದ ಸಂಪ್ರದಾಯವನ್ನು ಹೇಗೆ ಪೋಷಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದುರ್ಲಭ.

ಇದೇ ಏಡ್ರಿಯನನು ಇಂಗ್ಲೆಂಡಿನ ಎರಡನೆಯ ಹೆನ್ರಿಗೆ ಐರ್ಲೆಂಡ್ ದ್ವೀಪವನ್ನು ದಯಪಾಲಿಸಿ ಪಚ್ಚೆಯ ಉಂಗುರವನ್ನು ಕಳುಹಿಸಿದನೆಂದೂ, ದ್ವೀಪಗಳೆಲ್ಲವೂ ಕಾನ್‌ಸ್ಟಂಟೈನನ ದಾನದಿಂದ ರೋಮಿನ ಚರ್ಚಿಗೆ ಸೇರಿದುವೆಂಬುದೇ ಅದಕ್ಕೆ ಆಧಾರವೆಂದೂ ಪೋಪನ ಸ್ನೇಹಿತನಾಗಿದ್ದ ಸಾಲ್ಸ್‌ಬರಿಯ ಜಾನನು ಬರೆದಿಟ್ಟಿದ್ದಾನೆ. ಆ ದ್ವೀಪದ ಜನರನ್ನು ಯಾರೂ ಕೇಳಲಿಲ್ಲ. ಇಂಗ್ಲಿಷ್ ಪ್ರಭುತ್ವದ ಕಾಲದಲ್ಲಿ ಐರಿಷ್ ಜನರು ಪಟ್ಟ ಕ್ಲೇಶಕ್ಕೆ ಈ ಪತ್ರವೇ ಕಾರಣವೆಂದರೆ ಅತ್ಯುಕ್ತಿಯಾದೀತು. ಆದರೆ ಆಕ್ರಮಣಕ್ಕೆ ಧರ್ಮದ ಮುದ್ರೆಯನ್ನು ಒತ್ತಲು ಇದು ನೆರವಾಯಿತೆಂಬುದನ್ನು ಅಲ್ಲಗಳೆಯಲಾಗದು.

ಕಲೆಯಲ್ಲಿಯೂ ಇದರ ಗುರುತುಗಳಿವೆ. ರೋಮಿನ ‘ನಾಲ್ವರು ಕಿರೀಟಧಾರಿ ಸಂತರ’ ಚರ್ಚಿಗೆ ಸೇರಿದ ಸಂತ ಸಿಲ್ವೆಸ್ಟರನ ಪ್ರಾರ್ಥನಾ ಮಂದಿರದಲ್ಲಿ 1240ರ ದಶಕದ ಭಿತ್ತಿಚಿತ್ರಗಳುಂಟು. ಒಂದರಲ್ಲಿ ರೋಗಪೀಡಿತನಾದ ಚಕ್ರವರ್ತಿ, ಮತ್ತೊಂದರಲ್ಲಿ ಪೋಪನಿಗೆ ಕುಲಾವಿಯನ್ನು ಒಪ್ಪಿಸುವ ಚಕ್ರವರ್ತಿ, ಇನ್ನೊಂದರಲ್ಲಿ ಕುದುರೆಯ ಲಗಾಮನ್ನು ಹಿಡಿದ ಚಕ್ರವರ್ತಿ. ಆ ವರ್ಷಗಳಲ್ಲಿ ಪೋಪರಿಗೂ ಚಕ್ರವರ್ತಿ ಎರಡನೆಯ ಫ್ರೆಡರಿಕನಿಗೂ ಘೋರ ಯುದ್ಧವು ನಡೆಯುತ್ತಿತ್ತೆಂಬುದನ್ನು ನೆನೆದರೆ ಚಿತ್ರಗಳ ಉದ್ದೇಶವು ತಾನೇ ವ್ಯಕ್ತವಾಗುತ್ತದೆ. ಲ್ಯಾಟಿನ್ ಓದಲಾರದವರಿಗೆ ಗೋಡೆಯೇ ಶಾಸನವಾಯಿತು. ಪತ್ರದಲ್ಲಿ ಹೇಳಿದ ಬಿಳಿಯ ಕುಲಾವಿಯು ಕಾಲಕ್ರಮದಲ್ಲಿ ಬೆಳೆದು ಪೋಪರ ಮೂರಂತಸ್ತಿನ ಕಿರೀಟವಾಯಿತು. ಅದನ್ನು ಧರಿಸಿ ಪಟ್ಟಾಭಿಷಿಕ್ತರಾದವರಲ್ಲಿ ಕೊನೆಯವರು ಆರನೆಯ ಪಾಲ್. 1963ರಲ್ಲಿ ಧರಿಸಿದ ಅದನ್ನು ಅವರು ಮರುವರ್ಷವೇ ತ್ಯಜಿಸಿದರು.

5

ಈ ಪತ್ರವನ್ನು ಎಲ್ಲರೂ ಕಣ್ಣುಮುಚ್ಚಿ ನಂಬಿದರೆಂದು ತಿಳಿಯಬಾರದು. 1001ರಲ್ಲಿಯೇ ಚಕ್ರವರ್ತಿ ಮೂರನೆಯ ಆಟೋನು ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕಿ, ಎಂಟು ಸೀಮೆಗಳನ್ನು ತನ್ನ ಸ್ವಂತ ದಾನವಾಗಿ ಪೋಪನಿಗೆ ಕೊಟ್ಟನು. ಆ ಪೋಪನು ಅವನ ಗುರುವೇ ಆಗಿದ್ದ ಗೆರ್ಬರ್ಟನು. ಪೀಠವನ್ನೇರಿದಾಗ ಅವನು ಧರಿಸಿದ ಹೆಸರು ಎರಡನೆಯ ಸಿಲ್ವೆಸ್ಟರ್! ನ್ಯಾಯಶಾಸ್ತ್ರಜ್ಞರಲ್ಲಿ ಹಲವರು, ದಾನವು ನಡೆದಿದ್ದರೂ ಅದು ಅಸಿಂಧುವೆಂದು ವಾದಿಸಿದರು. ಸಾಮ್ರಾಜ್ಯವನ್ನು ಕಾಪಾಡಬೇಕಾದವನಿಗೆ ಅದನ್ನು ಹರಿದು ಹಂಚುವ ಹಕ್ಕಿಲ್ಲವೆಂಬುದು ಅವರ ನ್ಯಾಯ.

ಡಾಂಟೆ ಕವಿಯ ದೃಷ್ಟಿಯು ಇನ್ನೂ ಆಳವಾದುದು. ಅವನು ಪತ್ರವನ್ನು ಕೃತಕವೆಂದು ಶಂಕಿಸಲಿಲ್ಲ. ಆದರೆ ಕೊಡಲು ಚಕ್ರವರ್ತಿಗೆ ಅಧಿಕಾರವಿರಲಿಲ್ಲ, ತೆಗೆದುಕೊಳ್ಳಲು ಚರ್ಚಿಗೆ ಅರ್ಹತೆಯಿರಲಿಲ್ಲ ಎಂದು ರಾಜ್ಯಶಾಸ್ತ್ರದ ತನ್ನ ಗ್ರಂಥದಲ್ಲಿ ಸಾಧಿಸಿದನು. ತನ್ನ ಮಹಾಕಾವ್ಯದ ನರಕಖಂಡದಲ್ಲಿ, ಧರ್ಮಪದವಿಗಳನ್ನು ಮಾರಿದ ಪೋಪರನ್ನು ತಲೆಕೆಳಗಾಗಿ ಹೂಳಿರುವುದನ್ನು ತೋರಿಸಿ, ಈ ದಾನದಿಂದ ಎಂಥ ಕೇಡು ಹುಟ್ಟಿತೆಂದು ಮರುಗಿದನು. ಅವನ ರಾಜ್ಯಶಾಸ್ತ್ರದ ಗ್ರಂಥವನ್ನು 1329ರಲ್ಲಿ ಕಾರ್ಡಿನಲನೊಬ್ಬನು ಸುಡಿಸಿದನು. ಮುಂದೆ ತಾನೇ ಕಾರ್ಡಿನಲನಾದ ಕ್ಯೂಸದ ನಿಕೊಲಸನು 1433ರಲ್ಲಿ, ಸಮಕಾಲೀನರಾದ ಚರಿತ್ರಕಾರರಲ್ಲಿ ಯಾರೂ ಈ ದಾನವನ್ನು ಹೇಳುವುದಿಲ್ಲವೆಂದು ತೋರಿಸಿದನು. ಕಿಡಿಯು ಹೊತ್ತಿಕೊಂಡಿತ್ತು, ಉರಿಯನ್ನು ಎಬ್ಬಿಸಿದವನು ಲೊರೆಂಜೊ ವಲ್ಲ.

6

ವಲ್ಲನು ರೋಮಿನವನು, ಲ್ಯಾಟಿನ್ ಭಾಷೆಯ ಮರ್ಮವನ್ನು ಅವನಷ್ಟು ಬಲ್ಲವರು ಆ ಕಾಲದಲ್ಲಿ ವಿರಳ. 1440ರಲ್ಲಿ ಅವನು ಆರಗಾನಿನ ಅರಸನಾದ ಆಲ್ಫಾನ್ಸೋನ ಆಶ್ರಯದಲ್ಲಿದ್ದನು. ಆಲ್ಫಾನ್ಸೋನು ನೇಪಲ್ಸ್ ರಾಜ್ಯಕ್ಕಾಗಿ ಹೋರಾಡುತ್ತಿದ್ದನು. ಪೋಪ್ ನಾಲ್ಕನೆಯ ಯುಜೀನಿಯಸನು ಅವನ ಪ್ರತಿಸ್ಪರ್ಧಿಯ ಪಕ್ಷದಲ್ಲಿದ್ದನು. ಆದುದರಿಂದ ವಲ್ಲನ ಪ್ರಬಂಧವು ಕೇವಲ ಸತ್ಯಶೋಧನೆಗಾಗಿ ಹುಟ್ಟಿತೆಂದು ಹೇಳುವಂತಿಲ್ಲ. ಒಡೆಯನ ಪ್ರಯೋಜನವೂ ಅದರಲ್ಲಿತ್ತು. ಆದರೆ ಬರೆದವನ ಉದ್ದೇಶವು ಮಿಶ್ರವಾಗಿದ್ದ ಮಾತ್ರಕ್ಕೆ ಅವನ ಪ್ರಮಾಣಗಳು ದುರ್ಬಲವಾಗುವುದಿಲ್ಲ. ಅವು ತಮ್ಮ ಕಾಲಿನ ಮೇಲೆ ತಾವೇ ನಿಂತಿವೆ.

ಅವನ ವಾದಸರಣಿಯು ಹೀಗಿದೆ. ಮೊದಲನೆಯದು ಸ್ವಭಾವದ ವಿಚಾರ: ರಾಜ್ಯಕ್ಕಾಗಿ ರಕ್ತವನ್ನು ಸುರಿಸಿದ ಚಕ್ರವರ್ತಿಯು ಅದರಲ್ಲಿ ಉತ್ತಮವಾದ ಅರ್ಧವನ್ನು ದಾನ ಮಾಡುವನೇ? ಮಕ್ಕಳೂ ಬಂಧುಗಳೂ ಸೆನೆಟ್ ಸಭೆಯವರೂ ಸುಮ್ಮನಿರುವರೇ? ಎರಡನೆಯದು ಭುಕ್ತಿಯ ವಿಚಾರ: ದಾನವನ್ನು ಕೊಟ್ಟುದು ನಿಜವಾದರೆ ಅದನ್ನು ವಹಿಸಿಕೊಂಡದ್ದೆಂದು? ಸಿಲ್ವೆಸ್ಟರನು ಯಾವ ಪ್ರಾಂತಕ್ಕೆ ಯಾವ ಅಧಿಕಾರಿಯನ್ನು ನೇಮಿಸಿದನು? ಕಾನ್‌ಸ್ಟಂಟೈನನ ತರುವಾಯವೂ ಪಶ್ಚಿಮವನ್ನು ಆಳಿದವರು ಚಕ್ರವರ್ತಿಗಳೇ ಅಲ್ಲವೆ? ಆ ಕಾಲದ ಚಕ್ರವರ್ತಿಗಳ ನಾಣ್ಯಗಳು ಹೇರಳವಾಗಿ ಸಿಕ್ಕುತ್ತವೆ, ತನ್ನಲ್ಲಿಯೇ ಅನೇಕವುಂಟು, ಪೋಪರ ನಾಣ್ಯವೊಂದಾದರೂ ಎಲ್ಲಿದೆಯೆಂದು ಅವನು ಕೇಳುತ್ತಾನೆ. ನಾಣ್ಯವನ್ನು ಬರಹಕ್ಕೆ ಎದುರುಸಾಕ್ಷಿಯಾಗಿ ನಿಲ್ಲಿಸಿದ ಈ ವಾದವು ನಮ್ಮ ಕ್ಷೇತ್ರದವರಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ಆಗಮವೊಂದೇ ಸಾಲದು, ಭುಕ್ತಿಯೂ ಬೇಕೆಂಬ ನಮ್ಮ ಧರ್ಮಶಾಸ್ತ್ರಕಾರರ ಮಾತೂ ಇಲ್ಲಿ ನೆನಪಿಗೆ ಬರುತ್ತದೆ.

ಮೂರನೆಯದು ಪಾಠದ ವಿಚಾರ. ಗ್ರೇಷಿಯನನ ಧರ್ಮಶಾಸ್ತ್ರ ಸಂಗ್ರಹದಲ್ಲಿ ಈ ಪತ್ರವಿರುವುದರಿಂದ ಅದು ಪ್ರಮಾಣವೆನ್ನುವವರಿಗೆ, ಆ ಭಾಗವು ಗ್ರೇಷಿಯನನು ಬರೆದುದಲ್ಲ, ಬೇರೆಯವರು ಸೇರಿಸಿದ ಪ್ರಕ್ಷಿಪ್ತವೆಂದು ಅವನು ಉತ್ತರಕೊಟ್ಟನು.

ನಾಲ್ಕನೆಯದು ಭಾಷೆಯ ವಿಚಾರ. ವಲ್ಲನ ಕೀರ್ತಿಗೆ ಇದೇ ಮುಖ್ಯವಾದ ಆಧಾರ. ಪತ್ರದಲ್ಲಿ ‘ಸತ್ರಪ’ರೆಂಬ ಅಧಿಕಾರಿಗಳು ಬರುತ್ತಾರೆ. ಸತ್ರಪರು ಪಾರಸಿಕ ದೇಶದವರು. ರೋಮಿನ ಸೆನೆಟಿನ ಪಕ್ಕದಲ್ಲಿ ಅವರಿಗೇನು ಕೆಲಸ? ಚಕ್ರವರ್ತಿಯ ‘ಡಯಡೆಮ್’ ಎಂಬುದನ್ನು ಚಿನ್ನದಿಂದಲೂ ರತ್ನಗಳಿಂದಲೂ ಮಾಡಿದ ಕಿರೀಟವೆಂದು ಬರೆದಿದೆ. ಪುರಾತನರಲ್ಲಿ ಅದು ತಲೆಗೆ ಸುತ್ತುವ ಬಟ್ಟೆಯ ಪಟ್ಟಿ. ಪತ್ರವನ್ನು ಬರೆದವನಿಗೆ ವಸ್ತುವೂ ತಿಳಿಯದು, ಶಬ್ದವೂ ತಿಳಿಯದು. ಹೀಗೆ ಒಂದೊಂದು ಪದವನ್ನೂ ಎತ್ತಿಕೊಂಡು, ಈ ಲ್ಯಾಟಿನ್ ಕಾನ್‌ಸ್ಟಂಟೈನನ ಕಾಲದ್ದಲ್ಲ, ಶತಮಾನಗಳಷ್ಟು ಈಚಿನ ಅಪಭ್ರಷ್ಟ ಭಾಷೆಯೆಂದು ಅವನು ಸ್ಥಾಪಿಸಿದನು. ಭಾಷೆಗೂ ವಯಸ್ಸುಂಟು, ಬರೆಯುವವನು ಎಷ್ಟೇ ವೇಷ ಹಾಕಿದರೂ ಆ ವಯಸ್ಸನ್ನು ಮರೆಮಾಚಲಾರನೆಂಬ ತತ್ತ್ವವನ್ನು ವಲ್ಲನಷ್ಟು ನಿಷ್ಕೃಷ್ಟವಾಗಿ ಪ್ರಯೋಗಿಸಿದವರು ಅವನ ಮುಂಚೆ ಯೂರೋಪಿನಲ್ಲಿ ಕಾಣುವುದಿಲ್ಲ. ಹಳಗನ್ನಡದ ರೂಪಗಳನ್ನು ನೋಡಿ ಶಾಸನದ ಕಾಲವನ್ನು ನಿರ್ಣಯಿಸುವ ನಾವು ತಿಳಿದೋ ತಿಳಿಯದೆಯೋ ಇದೇ ಹಾದಿಯಲ್ಲಿ ನಡೆಯುತ್ತಿದ್ದೇವೆ.

ಕೊನೆಯಲ್ಲಿ ಅವನು ಪೋಪರಿಗೆ ನೇರವಾಗಿ ಹೇಳುವ ಮಾತು ಹೀಗಿದೆ: ಅವರು ಕ್ರಿಸ್ತನ ಪ್ರತಿನಿಧಿಗಳಾಗಿರಲಿ, ಸೀಸರನ ಪ್ರತಿನಿಧಿಗಳಾಗುವುದು ಬೇಡ. ಪತ್ರವನ್ನು ಕೆಡವಿದವನು ಪೀಠವನ್ನು ಕೆಡವಲು ಬಯಸಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

7

ಅನಂತರ ನಡೆದದ್ದು ಇನ್ನೂ ವಿಚಿತ್ರ. 1443ರಲ್ಲಿ ಆಲ್ಫಾನ್ಸೋನಿಗೂ ಪೋಪನಿಗೂ ಸಂಧಿಯಾಯಿತು. ಪ್ರಬಂಧದ ರಾಜಕೀಯ ಪ್ರಯೋಜನವು ಅಲ್ಲಿಗೆ ಮುಗಿಯಿತು. 1444ರಲ್ಲಿ ವಲ್ಲನು ನೇಪಲ್ಸಿನಲ್ಲಿ ಪಾಷಂಡವಾದದ ವಿಚಾರಣೆಗೆ ಗುರಿಯಾಗಿ ಅರಸನ ಆಶ್ರಯದಿಂದ ಪಾರಾದನು. ಆದರೆ 1447ರಲ್ಲಿ ಐದನೆಯ ನಿಕೊಲಸನು ಪೋಪನಾದನು. ಅವನು ಪುಸ್ತಕಪ್ರಿಯ. ಮರುವರ್ಷವೇ ವಲ್ಲನಿಗೆ ಪೋಪರ ಕಾರ್ಯಾಲಯದಲ್ಲಿ ಬರಹಗಾರನ ಪದವಿಯು ದೊರೆಯಿತು. ಥ್ಯುಸಿಡಿಡೀಸನ ಗ್ರೀಕ್ ಚರಿತ್ರೆಯನ್ನು ಲ್ಯಾಟಿನ್ನಿಗೆ ಪರಿವರ್ತಿಸುವ ಕೆಲಸವನ್ನು ನಿಕೊಲಸನು ಅವನಿಗೇ ವಹಿಸಿದನು. 1455ರಲ್ಲಿ ಮುಂದಿನ ಪೋಪನು ಅವನನ್ನು ತನ್ನ ಕಾರ್ಯದರ್ಶಿಗಳಲ್ಲಿ ಒಬ್ಬನನ್ನಾಗಿ ಮಾಡಿಕೊಂಡನು. 1457ರಲ್ಲಿ ತೀರಿಕೊಂಡ ವಲ್ಲನನ್ನು ಲ್ಯಾಟರನ್ ಚರ್ಚಿನಲ್ಲಿ ಸಮಾಧಿ ಮಾಡಿದರು. ದಾನಪತ್ರದಲ್ಲಿ ಹೆಸರಿಸಿದ ಅರಮನೆಯ ಪಕ್ಕದಲ್ಲಿಯೇ ಅದನ್ನು ಸುಳ್ಳೆಂದು ಸಾಧಿಸಿದವನು ಮಲಗಿದ್ದಾನೆ. ನಿಕೊಲಸನು ಕೂಡಿಸಿದ ಸುಮಾರು 1,200 ಹಸ್ತಪ್ರತಿಗಳು ವ್ಯಾಟಿಕನ್ ಪುಸ್ತಕಭಂಡಾರಕ್ಕೆ ಮೂಲವಾದವು. 1475ರಲ್ಲಿ ನಾಲ್ಕನೆಯ ಸಿಕ್ಸ್ಟಸನು ಅದನ್ನು ವಿಧಿವತ್ತಾಗಿ ಸ್ಥಾಪಿಸಿದನು.

ಈ ಔದಾರ್ಯವು ಶಾಶ್ವತವಾಗಿರಲಿಲ್ಲ. ಅಚ್ಚಿನ ವಿದ್ಯೆಯು ಬಂದ ಮೇಲೆ ವಲ್ಲನ ಪ್ರಬಂಧವು ಜರ್ಮನಿಯಲ್ಲಿ ಮುದ್ರಿತವಾಯಿತು. ಉಲ್ರಿಚ್ ಫಾನ್ ಹುಟ್ಟನನ ಮುದ್ರಣವನ್ನು 1520ರಲ್ಲಿ ಓದಿದ ಮಾರ್ಟಿನ್ ಲೂಥರನು ತಲ್ಲಣಿಸಿಹೋದನು. ಅದೇ ವರ್ಷ ರೋಮಿನಲ್ಲಿ ವ್ಯಾಟಿಕನ್ ಅರಮನೆಯ ‘ಕಾನ್‌ಸ್ಟಂಟೈನನ ಶಾಲೆ’ಯ ಗೋಡೆಗಳನ್ನು ಚಿತ್ರಿಸುವ ಕೆಲಸವು ಸಾಗಿತ್ತು. ರಾಫೇಲನ ಶಿಷ್ಯರು 1524ರಲ್ಲಿ ಮುಗಿಸಿದ ಆ ಚಿತ್ರಗಳಲ್ಲಿ ಒಂದು ‘ರೋಮಿನ ದಾನ’. ಚಕ್ರವರ್ತಿಯು ಮಂಡಿಯೂರಿ, ರೋಮ್ ನಗರದ ಸಂಕೇತವಾದ ಚಿನ್ನದ ಚಿಕ್ಕ ಪ್ರತಿಮೆಯನ್ನು ಪೋಪನಿಗೆ ಒಪ್ಪಿಸುತ್ತಿದ್ದಾನೆ. ಘಟನೆಯು ಸುಳ್ಳು; ಆದರೆ ಅದು ನಡೆಯುವ ಸ್ಥಳವಾಗಿ ಚಿತ್ರಕಾರರು ತೋರಿಸಿರುವುದು ಸಂತ ಪೀಟರನ ಹಳೆಯ ಚರ್ಚಿನ ಒಳಭಾಗವನ್ನು. ಹೊಸ ಚರ್ಚಿಗಾಗಿ ಆ ಕಟ್ಟಡವನ್ನು 1506ರಿಂದ ಕೆಡವತೊಡಗಿದ್ದರು. ಹೀಗಾಗಿ ನಡೆಯದ ದಾನದ ಚಿತ್ರವು ಇಲ್ಲವಾದ ಕಟ್ಟಡಕ್ಕೆ ನಂಬತಕ್ಕ ಸಾಕ್ಷಿಯಾಗಿ ಉಳಿದಿದೆ.

16ನೆಯ ಶತಮಾನದಲ್ಲಿ ವಲ್ಲನ ಪ್ರಬಂಧವು ನಿಷಿದ್ಧಗ್ರಂಥಗಳ ಪಟ್ಟಿಗೆ ಸೇರಿತು. ಆದರೂ ಆ ಶತಮಾನವು ಮುಗಿಯುವುದರೊಳಗೆ ಚರ್ಚಿನ ಪರವಾಗಿ ಬೃಹತ್ ಚರಿತ್ರೆಯನ್ನು ಬರೆಯುತ್ತಿದ್ದ ಕಾರ್ಡಿನಲ್ ಬರೋನಿಯಸನೇ ಪತ್ರವು ಕೃತಕವೆಂದು ಒಪ್ಪಿಕೊಂಡನು. 1681ರಲ್ಲಿ ಬೆನೆಡಿಕ್ಟೀಯ ಸಂನ್ಯಾಸಿಯಾದ ಮಾಬಿಯೋನನು, ಜೆಸ್ಯೂಟ್ ವಿದ್ವಾಂಸನಾದ ಪೇಪೆಬ್ರೋಕನು ಹಳೆಯ ಮಠಪತ್ರಗಳ ಮೇಲೆ ಎತ್ತಿದ್ದ ಸಂದೇಹಗಳಿಗೆ ಉತ್ತರವಾಗಿ, ಪತ್ರಪರೀಕ್ಷೆಯ ಶಾಸ್ತ್ರವನ್ನೇ ರಚಿಸಿದನು. ಲಿಪಿ, ಶಾಯಿ, ಮುದ್ರೆ, ಕಾಲನಿರ್ದೇಶ, ಒಕ್ಕಣೆ ಇವುಗಳನ್ನು ಕ್ರಮವಾಗಿ ಪರೀಕ್ಷಿಸುವ ಈ ಶಾಸ್ತ್ರಕ್ಕೆ ತಂದೆಯಾದವನು ಮಠದೊಳಗಿನವನೇ. 1881ರಲ್ಲಿ ಹದಿಮೂರನೆಯ ಲಿಯೋನು ವ್ಯಾಟಿಕನ್ನಿನ ದಫ್ತರಖಾನೆಯನ್ನು ವಿದ್ವಾಂಸರಿಗೆ ತೆರೆದನು. ಚರಿತ್ರೆಯನ್ನು ಬರೆಯುವವನಿಗೆ ಅಸತ್ಯದ ಧೈರ್ಯವೂ ಬೇಡ, ಸತ್ಯದ ಭಯವೂ ಬೇಡವೆಂಬ ಪುರಾತನ ತತ್ತ್ವವನ್ನು 1883ರ ಪತ್ರವೊಂದರಲ್ಲಿ ಅನುಮೋದಿಸಿದನು. ಪೋಪರ ರಾಜ್ಯವು ಆ ವೇಳೆಗೆ ಕೈಬಿಟ್ಟಿತ್ತು. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯವು ರೋಮನ್ನು ಹೊಕ್ಕಿತ್ತು. 1929ರ ಲ್ಯಾಟರನ್ ಒಪ್ಪಂದದಿಂದ ಉಳಿದುದು 44 ಹೆಕ್ಟೇರ್ ಭೂಮಿ. ಪಶ್ಚಿಮ ಸಾಮ್ರಾಜ್ಯವೆಲ್ಲ ತಮ್ಮದೆಂದ ಪೀಠಕ್ಕೆ ಇಷ್ಟೇ ನೆಲ ನಿಂತಿತು. ಆದರೆ ಅದರ ಮಾತನ್ನು ಕೇಳುವವರ ಸಂಖ್ಯೆಯು ಕುಗ್ಗಲಿಲ್ಲ.

8

ಇಷ್ಟಕ್ಕೆ ಮುಗಿಸಿದರೆ, ಸುಳ್ಳು ಪತ್ರದಿಂದ ಕೇಡು, ನಿಜವಾದ ಪತ್ರದಿಂದ ಒಳಿತು ಎಂಬ ಸುಲಭವಾದ ನೀತಿಯು ಹೊರಡುತ್ತದೆ. ಚರಿತ್ರೆಯು ಅದಕ್ಕೆ ಎಡೆಕೊಡುವುದಿಲ್ಲ. ವಲ್ಲನನ್ನು ಆದರಿಸಿದ ಐದನೆಯ ನಿಕೊಲಸನೇ 1452ರಲ್ಲಿ ಒಂದು, 1455ರ ಜನವರಿ 8ರಂದು ಇನ್ನೊಂದು ನಿರೂಪವನ್ನು ಪೋರ್ತುಗಲ್ಲಿನ ಅರಸನಿಗೆ ಕೊಟ್ಟನು. ಇವುಗಳ ಪ್ರಾಮಾಣ್ಯದಲ್ಲಿ ಸಂಶಯವಿಲ್ಲ. ಕ್ರೈಸ್ತರಲ್ಲದವರ ನಾಡುಗಳನ್ನು ಗೆಲ್ಲಲೂ ಅಲ್ಲಿನವರನ್ನು ಶಾಶ್ವತವಾದ ದಾಸ್ಯಕ್ಕೆ ಒಳಪಡಿಸಲೂ ಇವು ಅನುಮತಿಯನ್ನಿತ್ತವು. ಎರಡನೆಯದರಲ್ಲಿ ಇಂಡಿಯರ ಹೆಸರೂ ಬರುತ್ತದೆ. ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬರಲು ಆಗ ಇನ್ನೂ 43 ವರ್ಷಗಳಿದ್ದವು.

ಈ ನಿರೂಪಗಳ ಪರಂಪರೆಯು ನಮ್ಮ ಕರಾವಳಿಯನ್ನೂ ಮುಟ್ಟಿತು. 1510ರಲ್ಲಿ ಗೋವೆಯು ಪೋರ್ತುಗೀಸರ ವಶವಾಯಿತು. 1534ರಲ್ಲಿ ಪೋಪನು ಅದನ್ನು ಬಿಷಪ್ಪನ ಪೀಠವನ್ನಾಗಿ ಮಾಡಿದನು. ಪೂರ್ವದೇಶದ ಚರ್ಚುಗಳಿಗೆ ಗುರುಗಳನ್ನು ಸೂಚಿಸುವ ಹಕ್ಕು ಪೋರ್ತುಗಲ್ಲಿನ ಅರಸನಿಗೆ ಸಂದಿತು. ಮಂಗಳೂರು, ಬಸರೂರು, ಹೊನ್ನಾವರಗಳ ಪೋರ್ತುಗೀಸ್ ಕೋಟೆಗಳನ್ನು ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಕಿತ್ತುಕೊಂಡ ಮೇಲೂ ಪತ್ರದ ಮೇಲಿನ ಆ ಹಕ್ಕು ಉಳಿಯಿತು. 1622ರಲ್ಲಿ ರೋಮಿನಲ್ಲಿ ಧರ್ಮಪ್ರಸಾರಕ್ಕಾಗಿ ಏರ್ಪಟ್ಟ ಮಂಡಳಿಯು ತಾನೇ ಗುರುಗಳನ್ನು ಕಳುಹಿಸತೊಡಗಲು, ಕನ್ನಡ ಜಿಲ್ಲೆಯ ಕ್ರೈಸ್ತರು ಗೋವೆಯ ಗುರುಗಳಿಗೆ ವಿಧೇಯರೋ ರೋಮಿನಿಂದ ಬಂದವರಿಗೆ ವಿಧೇಯರೋ ಎಂಬ ವ್ಯಾಜ್ಯವು ತಲೆಮಾರುಗಳವರೆಗೆ ಎಳೆಯಿತು. 1886ರಲ್ಲಿ ಮಂಗಳೂರು ಪ್ರತ್ಯೇಕವಾದ ಬಿಷಪ್ ಪೀಠವಾಯಿತು.

ನಿಕೊಲಸನ ಆ ನಿರೂಪಗಳನ್ನು ವಲ್ಲನ ವಿದ್ಯೆಯಿಂದ ಕೆಡವಲಾಗದು. ಮುದ್ರೆಯು ಸರಿಯಾಗಿದೆ, ಕಾಲವು ಸರಿಯಾಗಿದೆ, ಒಕ್ಕಣೆಯು ಸರಿಯಾಗಿದೆ. ತನ್ನದಲ್ಲದುದನ್ನು ಕೊಡುವ ಅಧಿಕಾರವು ಕೊಟ್ಟವನಿಗೆ ಇತ್ತೇ ಎಂಬ ಡಾಂಟೆಯ ಪ್ರಶ್ನೆಯನ್ನೇ ಇಲ್ಲಿ ಕೇಳಬೇಕು. ಆ ಪ್ರಶ್ನೆಗೆ ರೋಮಿನಿಂದ ಉತ್ತರವು ಬಂದದ್ದು ಬಹಳ ತಡವಾಗಿ. 2023ರ ಮಾರ್ಚಿ 30ರಂದು ವ್ಯಾಟಿಕನ್ನಿನ ಎರಡು ಇಲಾಖೆಗಳು ಕೂಡಿ, 1452, 1455, 1493ರ ನಿರೂಪಗಳನ್ನು ಹೆಸರಿಸಿ, ಅವು ಮೂಲನಿವಾಸಿಗಳ ಸಮಾನವಾದ ಮರ್ಯಾದೆಯನ್ನು ಸರಿಯಾಗಿ ಎತ್ತಿಹಿಡಿಯಲಿಲ್ಲವೆಂದು ಒಪ್ಪಿಕೊಂಡವು. ಅನ್ಯರ ನೆಲವನ್ನು ‘ಕಂಡುಹಿಡಿದವನಿಗೇ’ ಅದು ಸೇರುವುದೆಂಬ ತತ್ತ್ವವನ್ನು ನಿರಾಕರಿಸಿದವು.

9

ಈ ದೀರ್ಘವಾದ ಚರಿತ್ರೆಯಿಂದ ಶಾಸನಾಭ್ಯಾಸಿಗಳಾದ ನಾವು ತಿಳಿಯತಕ್ಕದ್ದು ಎರಡು ಅಂಶಗಳು. ಒಂದನೆಯದು, ಕೂಟವೆಂದು ತೀರ್ಮಾನವಾದ ಶಾಸನವನ್ನು ಎಸೆದುಬಿಡಬಾರದು. ಕಾನ್‌ಸ್ಟಂಟೈನನ ವಿಷಯದಲ್ಲಿ ಆ ದಾನಪತ್ರಕ್ಕೆ ಬೆಲೆಯಿಲ್ಲ. ಅದನ್ನು ಬರೆದವರ ಭಯ, ಬಯಕೆ, ನ್ಯಾಯಬುದ್ಧಿಗಳ ವಿಷಯದಲ್ಲಿ ಅದರಷ್ಟು ಪ್ರಾಮಾಣಿಕವಾದ ಸಾಕ್ಷಿಯಿಲ್ಲ. ಜನಮೇಜಯನ ತಾಮ್ರಪಟಗಳೂ ಹಾಗೆಯೇ. ಸರ್ಪಯಾಗದ ಕಾಲವನ್ನು ಅವು ತಿಳಿಸಲಾರವು. ಆದರೆ ತಮ್ಮ ನೆಲವು ಕೈತಪ್ಪೀತೆಂದು ಅಂಜಿದ ಒಂದು ಅಗ್ರಹಾರದ ಕಳವಳವನ್ನು ತಿಳಿಸುತ್ತವೆ. ಯಾರ ಹೆಸರಿನಲ್ಲಿ ಬರೆದಿದೆಯೆಂಬುದನ್ನು ಬಿಟ್ಟು, ಯಾರಿಗಾಗಿ ಏತಕ್ಕಾಗಿ ಬರೆದಿದೆಯೆಂದು ಕೇಳಿದರೆ ಕೂಟಶಾಸನವೂ ನಿಜವನ್ನು ನುಡಿಯುತ್ತದೆ.

ಎರಡನೆಯದು, ಪತ್ರವು ಸಾಚಾ ಎಂದು ತೀರ್ಮಾನಿಸಿದ ಮಾತ್ರಕ್ಕೆ ವಿಚಾರಣೆಯು ಮುಗಿಯುವುದಿಲ್ಲ. ಅದು ಕೊಟ್ಟ ನೆಲದ ಮೇಲೆ ಯಾರು ಬಾಳುತ್ತಿದ್ದರು, ಅವರಿಗೇನಾಯಿತೆಂಬುದು ಉಳಿದೇ ಇರುತ್ತದೆ. ನಮ್ಮ ದಾನಶಾಸನಗಳಲ್ಲಿ ಸರ್ವಬಾಧಾಪರಿಹಾರವಾಗಿ ಊರನ್ನು ಬಿಟ್ಟುಕೊಟ್ಟ ಮಾತು ಬಂದಾಗಲೆಲ್ಲ, ಆ ಊರಿನ ಒಕ್ಕಲಿನ ಹೆಸರು ಎಲ್ಲಿಯಾದರೂ ಕಾಣುವುದೋ ಎಂದು ಒಮ್ಮೆ ಹುಡುಕಿ ನೋಡುವುದು ಯುಕ್ತ. ಐರ್ಲೆಂಡನ್ನು ಪಚ್ಚೆಯ ಉಂಗುರದೊಡನೆ ಕೊಟ್ಟಾಗ ಅಲ್ಲಿನ ರೈತರ ಹೆಸರು ಯಾವ ಪತ್ರದಲ್ಲಿಯೂ ಬರಲಿಲ್ಲ.